ಒಣ ಎಂಬ ಹೆಸರಿನ ಗಿಡ

ಮುಲುಂಡ್‌ನ ಆ ಹಳೆಯ ನಾಲ್ಕು ಮಹಡಿ ಕಟ್ಟಡದಲ್ಲಿ, ತಾರಸಿಗೆ ಹತ್ತುವ ಮೆಟ್ಟಿಲ ಕೋಣೆಯೊಳಗೆ, ಡಿಸೆಂಬರ್ ಮೊದಲ ವಾರದಿಂದ ಜನವರಿ ನಡುವಿನವರೆಗೆ ಒಂದು ಬಾಟಲ್ ಕೂಲರ್ ಓಡುತ್ತಿತ್ತು. ಹೋಟೆಲುಗಳ ಗಲ್ಲಾದ ಪಕ್ಕ ತಂಪು ಪಾನೀಯ ತುಂಬಿಸಿ ಇಟ್ಟಿರುತ್ತಾರಲ್ಲ, ಗಾಜಿನ ಬಾಗಿಲು, ಒಳಗೊಂದು ಟ್ಯೂಬ್‌ಲೈಟ್, ಅದೇ. ಆದರೆ ಒಳಗೆ ಬಾಟಲಿ ಒಂದೂ ಇರಲಿಲ್ಲ. ತಂತಿಯ ಹಲಗೆಗಳನ್ನು ಕಳಚಿ, ಅಲ್ಲಿ ಒಂದೂಕಾಲು ಅಡಿ ಎತ್ತರದ ಒಂದೇ ಒಂದು ಗಿಡವನ್ನು ಕೂರಿಸಲಾಗಿತ್ತು. ಹಪ್ಪಳ ಒಣಗಿಸಲು ತಾರಸಿಗೆ ಬಂದ ಹೆಂಗಸರು ಗಾಜಿಗೆ ಹಣೆ ತಾಗಿಸಿ ನೋಡಿ ಹೋಗುತ್ತಿದ್ದರು. ಗಿಡದ ಯಜಮಾನರ ಹೆಂಡತಿ ಅದಕ್ಕೊಂದು ಹೆಸರಿಟ್ಟಿದ್ದರು: ‘ನಮ್ಮನೆ ಊಟಿ’.

ಯಜಮಾನರು ಕುಂದಾಪುರದ ಕಡೆಯವರು. 1971ರಲ್ಲಿ, 13ನೆಯ ವಯಸ್ಸಿಗೆ, ಮಾಟುಂಗದ ಒಂದು ಹೋಟೆಲಿಗೆ ಲೋಟ ತೊಳೆಯಲು ಬಂದವರು. ಕೊಂಕಣ ರೈಲು ಬರಲು ಇನ್ನೂ ಕಾಲು ಶತಮಾನಕ್ಕೂ ಹೆಚ್ಚು ಬಾಕಿಯಿದ್ದ ಕಾಲ; ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುತ್ತ ಬಂದದ್ದು. ಹಗಲು ಹೋಟೆಲು, ರಾತ್ರಿ ಕನ್ನಡ ರಾತ್ರಿಶಾಲೆ. ಲೋಟದಿಂದ ಟೇಬಲಿಗೆ, ಟೇಬಲಿನಿಂದ ಗಲ್ಲಾಕ್ಕೆ, ಕೊನೆಗೆ ಮ್ಯಾನೇಜರಿಕೆಗೆ ಬಂದು 2018ರಲ್ಲಿ ನಿವೃತ್ತರಾದರು. ಮುಂಬೈಯ ಕನ್ನಡಿಗರಲ್ಲಿ ಇಂಥ ಕಥೆಗೆ ಬರವಿಲ್ಲ. ಇವರದ್ದರಲ್ಲಿ ಬೇರೆಯದೆಂದರೆ ಗಿಡ.

ಅದು ಶುರುವಾದದ್ದು ಹೋಟೆಲಿನ ಹಿಂಗೋಡೆಯಲ್ಲಿ. ಮುಂಬೈಯ ಹಳೆಯ ಕಟ್ಟಡಗಳ ಚರಂಡಿ ಕೊಳವೆಗಳ ಸಂದಿನಲ್ಲಿ, ಬಿರುಕು ಬಿಟ್ಟ ಗಾರೆಯಲ್ಲಿ ಅಶ್ವತ್ಥ, ಗೋಳಿ, ಅತ್ತಿ ತಾವಾಗಿಯೇ ಹುಟ್ಟುತ್ತವೆ. ಕಾಗೆ ತಿಂದು ಹಾಕಿದ ಬೀಜ. ಮಣ್ಣಿಲ್ಲ, ಗೊಬ್ಬರವಿಲ್ಲ, ಪಾತ್ರೆ ತೊಳೆದ ನೀರಿನ ತೇವವೊಂದೇ. ಬೇರು ಗೋಡೆಯನ್ನು ಸೀಳುತ್ತದೆಂದು ವರ್ಷಕ್ಕೊಮ್ಮೆ ಯಾರಾದರೂ ಹತ್ತಿ ಕೀಳುತ್ತಾರೆ. ಹಾಗೆ ಕಿತ್ತೆಸೆದ ಒಂದು ಗೋಳಿಯ ಸಸಿಯನ್ನು ಅವರು ಒಡೆದ ಬೇಸಿನ್ನಿನಲ್ಲಿ ನೆಟ್ಟರು. ಎರಡು ವರ್ಷದಲ್ಲಿ ಅದು ಅಂಗೈ ಎತ್ತರದ ಮರವಾಗಿ ಕಾಣತೊಡಗಿತು. ಇದಕ್ಕೆ ಬೋನ್ಸಾಯ್ ಎನ್ನುತ್ತಾರೆಂದು ಗೊತ್ತಾದದ್ದು ಬೈಕುಲಾದ ರಾಣಿಬಾಗ್‌ನಲ್ಲಿ ಪಾಲಿಕೆ ನಡೆಸುವ ಗಿಡಗಳ ಪ್ರದರ್ಶನಕ್ಕೆ ಹೋದಾಗ. ‘ಬೋನ್’ ಎಂದರೆ ತಟ್ಟೆ, ‘ಸಾಯ್’ ಎಂದರೆ ನೆಡುವುದು. ಚೀನಾದಲ್ಲಿ ಹುಟ್ಟಿ ಜಪಾನಿನಲ್ಲಿ ಪಳಗಿದ ವಿದ್ಯೆ. ಅವರ ಗೋಳಿ ಇದ್ದದ್ದೂ ತಟ್ಟೆಯಲ್ಲೇ.

ನಿವೃತ್ತಿಯ ಹೊತ್ತಿಗೆ ತಾರಸಿಯ ಮೂಲೆಯಲ್ಲಿ 31 ಕುಂಡಗಳಿದ್ದವು. ಗೋಳಿ, ಅತ್ತಿ, ಹುಣಸೆ, ಕಾಗದದ ಹೂವಿನ ಬೊಗನ್‌ವಿಲ್ಲಾ, ಅಡೀನಿಯಂ. ಎಲ್ಲವೂ ಬಿಸಿಲು ಉಂಡು ಬೆಳೆಯುವ ಜಾತಿ. ಆ ಡಿಸೆಂಬರ್‌ನಲ್ಲಿ ಗಂಡ ಹೆಂಡತಿ ಊಟಿಗೆ ಹೋದರು, ಮದುವೆಯಾದ ಮೇಲಿನ ಮೊದಲ ಪ್ರವಾಸ. ಅಲ್ಲಿನ ನರ್ಸರಿಯೊಂದರಲ್ಲಿ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ನಿಂತಿದ್ದ ಅಜೇಲಿಯಾ ಕಣ್ಣಿಗೆ ಬಿತ್ತು. ಎಲೆ ಕಾಣದ ಹಾಗೆ ಗುಲಾಬಿ ಬಣ್ಣದ ಹೂ. ಬುಡ ಹೆಬ್ಬೆರಳಿಗಿಂತ ದಪ್ಪ, ಸ್ವಲ್ಪ ಓರೆ. ಬೋನ್ಸಾಯ್ ಹವ್ಯಾಸದವರು ಹೂವನ್ನು ಆಮೇಲೆ ನೋಡುತ್ತಾರೆ, ಮೊದಲು ಬುಡ ನೋಡುತ್ತಾರೆ. “ಬಾಂಬೆಯಲ್ಲಿ ಬರೂದಿಲ್ಲ ಸಾರ್” ಎಂದು ನರ್ಸರಿಯವನು ಪ್ರಾಮಾಣಿಕವಾಗಿಯೇ ಹೇಳಿದ. ಅವರು ಕೊಂಡರು.

ಸಮುದ್ರದ ನಡುವಿನ ಮುಂಬೈಯನ್ನು ಒಣ ಊರು ಎಂದರೆ ಕೇಳಿದವರು ನಗುತ್ತಾರೆ. ಬಟ್ಟೆ ಒಣಗದ ಊರು ಅದು. ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಸುರಿದ ಊರು. ಆದರೆ ಆ ಮಳೆಯೆಲ್ಲ ನಾಲ್ಕು ತಿಂಗಳ ಲೆಕ್ಕ. ಅಕ್ಟೋಬರ್ ಕಳೆದರೆ ಜೂನ್‌ವರೆಗೆ ಆಕಾಶದಿಂದ ಹೆಚ್ಚುಕಡಿಮೆ ಏನೂ ಬೀಳುವುದಿಲ್ಲ. ಮಾರ್ಚ್‌ನಲ್ಲಿ ಇನ್ನೊಂದು ಆಟವಿದೆ. ಸಾಮಾನ್ಯವಾಗಿ ಮಧ್ಯಾಹ್ನದೊಳಗೆ ಕಡಲ ಗಾಳಿ ಎದ್ದು ಊರನ್ನು ತಣಿಸುತ್ತದೆ. ಕೆಲವು ದಿನ ನೆಲದ ಕಡೆಯಿಂದ ಬೀಸುವ ಪೂರ್ವದ ಗಾಳಿ ಅದನ್ನು ತಡೆದು ನಿಲ್ಲಿಸುತ್ತದೆ. ಆಗ ಬಿಸಿಲು 40 ಡಿಗ್ರಿಗೆ ಏರುವುದೂ ಉಂಟು. ಗಾಳಿಯ ತೇವ ಥಟ್ಟನೆ ಇಳಿದುಬಿಡುತ್ತದೆ. ಕಡಲಿಗೆ ಬೆನ್ನು ಹಾಕಿ ಬೆಟ್ಟದ ಬುಡದಲ್ಲಿರುವ ಮುಲುಂಡ್‌ಗೆ ಕೊಲಾಬಾಕ್ಕಿಂತ ಇದರ ಏಟು ಹೆಚ್ಚು. ಅದರ ಮೇಲೆ ನಾಲ್ಕನೇ ಮಹಡಿಯ ತಾರಸಿ, ಬೆಳಕನ್ನು ತಿರುಗಿ ಮುಖಕ್ಕೇ ಎಸೆಯುವ ಬಿಳಿ ಚೂರುಗಳ ನೆಲ. ಅಲ್ಲಿ ಎರಡಂಗುಲ ಆಳದ ತಟ್ಟೆಯ ಮಣ್ಣು ಮಧ್ಯಾಹ್ನ ಎರಡಕ್ಕೆ ದೋಸೆ ಕಾವಲಿ.

2019ರ ಮಾರ್ಚ್‌ನಲ್ಲಿ ಅಂಥ ಮೂರು ದಿನಗಳು ಒಟ್ಟಿಗೆ ಬಂದವು. ಅವರು ಅಜೇಲಿಯಾವನ್ನು ಗೋಳಿಯ ಪಕ್ಕದಲ್ಲೇ ಇಟ್ಟು, ಗೋಳಿಗೆ ಕೊಟ್ಟಷ್ಟೇ ನೀರು ಕೊಟ್ಟಿದ್ದರು. ಎಲೆಯ ಅಂಚು ಮೊದಲು ಕಂದಿತು, ಆಮೇಲೆ ಸುಟ್ಟ ಕಾಗದದಂತೆ ಮುರುಟಿತು. ಕುಂಡದಿಂದ ತೆಗೆದು ನೋಡಿದಾಗ ಸಮಸ್ಯೆ ಅರ್ಥವಾಯಿತು. ಗೋಳಿಯ ಬೇರು ಹಗ್ಗದ ಹಾಗೆ. ಅಜೇಲಿಯಾದ್ದು ಕೂದಲಿನ ಹಾಗೆ. ಮಣ್ಣಿನ ಮೇಲ್ಪದರದಲ್ಲೇ ಚಾಪೆಯಂತೆ ಹೆಣೆದುಕೊಂಡು ಕೂತಿರುತ್ತದೆ. ಒಮ್ಮೆ ಪೂರ್ತಿ ಒಣಗಿದರೆ ಮುಗಿಯಿತು, ಮತ್ತೆ ಸುರಿದ ನೀರು ಆ ಚಾಪೆಯೊಳಗೆ ಇಳಿಯದೆ ಬದಿಯಿಂದ ಜಾರಿ ಹೋಗುತ್ತದೆ. ಮೇಲಿನಿಂದ ನೋಡುವವನಿಗೆ ನೀರು ಹಾಕಿದ್ದೇನೆಂಬ ಸಮಾಧಾನ. ಒಳಗೆ ಬಾಯಾರಿಕೆ ಹಾಗೇ.

ಅವರು ಹೋಟೆಲಿನಲ್ಲಿ ಕಲಿತದ್ದನ್ನು ಇಲ್ಲಿ ಬಳಸಿದರು: ಏನು ಕೆಟ್ಟಿತು ಎಂದು ಬರೆದಿಡುವುದು. ಗೆರೆ ಹೊಡೆದ ನೋಟ್‌ಬುಕ್ಕಿನಲ್ಲಿ ತಾರೀಕು, ಬಿಸಿಲು, ನೀರು, ಎಲೆ. ಆ ಬೇಸಗೆಯಲ್ಲಿ ಗಿಡ ಗೋಡೆಯ ಪೂರ್ವಕ್ಕೆ ಸರಿಯಿತು. ಬೆಳಗಿನ ಹತ್ತು ಗಂಟೆಯ ತನಕ ಮಾತ್ರ ಬಿಸಿಲು, ಆಮೇಲೆ ಹಸಿರು ಬಲೆಯ ನೆರಳು. ಹೊಳಪಿನ ಕುಂಡ ಹೋಗಿ ಬರಿಯ ಮಣ್ಣಿನ ಕುಂಡ ಬಂತು. ಆ ಕುಂಡ ಒದ್ದೆ ಮರಳು ತುಂಬಿದ ದೊಡ್ಡ ತಟ್ಟೆಯೊಳಗೆ ಕೂತಿತು, ಸುತ್ತ ನೆನೆಸಿದ ಗೋಣಿ. ಬೇಸಗೆಯಲ್ಲಿ ಮಡಕೆಯ ನೀರು ತಣ್ಣಗಾಗುವುದು ಯಾವ ಕಾರಣಕ್ಕೋ ಅದೇ ಕಾರಣಕ್ಕೆ ಇದೂ: ಮೈಯಿಂದ ಆರುವ ನೀರು ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಮಧ್ಯಾಹ್ನ ಎಲೆಯ ಅಡಿಭಾಗಕ್ಕೆ ನೀರಿನ ತುಂತುರು, ಏಕೆಂದರೆ ಒಣ ಬಿಸಿಲಿನಲ್ಲಿ ಅಲ್ಲಿ ಕೆಂಪು ನುಸಿ ಮನೆ ಮಾಡುತ್ತದೆ. ಗಿಡ ಬದುಕಿತು. ಆದರೆ ಹೊಸ ಎಲೆಗಳು ಹಳದಿಯಾಗಿ ಬಂದವು, ನರಗಳು ಮಾತ್ರ ಹಸಿರು.

ಮಡಿಕೇರಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ಮಗಳು ಫೋಟೊ ನೋಡಿ, “ಕಬ್ಬಿಣ ಸಿಗ್ತಿಲ್ಲ ಅಪ್ಪ” ಎಂದಳು. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಅಜೇಲಿಯಾದ ಬೇರು ಅದನ್ನು ಹೀರಬೇಕಾದರೆ ಮಣ್ಣು ಹುಳಿಯಾಗಿರಬೇಕು, ಪಿಎಚ್ 5ರ ಆಸುಪಾಸು. ಪಾಲಿಕೆಯ ನೀರು ತಾನ್ಸಾ, ವೈತರಣಾ, ಭಾತ್ಸಾ ಕೆರೆಗಳಿಂದ ಬರುವಂಥದ್ದು, ತಕ್ಕಮಟ್ಟಿಗೆ ಮೆದು. ಆದರೆ ತಾರಸಿಯ ನಲ್ಲಿಯಲ್ಲಿ ಬರುತ್ತಿದ್ದುದು ಕಟ್ಟಡದ ಬೋರ್‌ವೆಲ್ ನೀರು. ಬಕೆಟ್ಟಿನ ಅಂಚಿಗೆ ಬಿಳಿ ಗೆರೆ ಕಟ್ಟುವ ನೀರು. ಪ್ರತಿದಿನವೂ ಅವರು ಗಿಡಕ್ಕೆ ಸ್ವಲ್ಪ ಸ್ವಲ್ಪ ಸುಣ್ಣ ಕುಡಿಸುತ್ತಿದ್ದರು.

ಹುಳಿ ಎಂದ ಕೂಡಲೇ ಅವರಿಗೆ ಕಾಫಿ ನೆನಪಾಯಿತು. ಹಳೆಯ ಹೋಟೆಲಿನಿಂದ ಫಿಲ್ಟರಿನ ಚರಟ ತಂದು ಮಣ್ಣಿಗೆ ಹಾಕಿದರು. ಒಂದು ತಿಂಗಳಲ್ಲಿ ಮೇಲೆ ಬೂಸ್ಟು ಕಟ್ಟಿ, ನೀರು ಇಳಿಯದೆ ನಿಂತಿತು. ಮಗಳು ಪಿಎಚ್ ಕಾಗದ ಕಳಿಸಿದಳು. ಚರಟ ಹೆಚ್ಚುಕಡಿಮೆ ಸಪ್ಪೆ. ಹುಳಿಯೆಲ್ಲ ಡಿಕಾಕ್ಷನ್ನಿನಲ್ಲಿ ಇಳಿದು ಗಿರಾಕಿಗಳ ಹೊಟ್ಟೆ ಸೇರಿತ್ತು. ನಲವತ್ತೇಳು ವರ್ಷ ಕಾಫಿಯ ನಡುವೆ ಕಳೆದವರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದರು.

ಜಪಾನಿನವರು ಅಜೇಲಿಯಾ ಬೋನ್ಸಾಯಿಗೆ ಕನುಮಾ ಎಂಬ ಮಣ್ಣು ಬಳಸುತ್ತಾರೆ. ಅಕಾಗಿ ಎಂಬ ಅಗ್ನಿಪರ್ವತ ಹಿಂದೆಂದೋ ಉಗುಳಿದ ಹಳದಿ, ಹಗುರ, ಹುಳಿ ಕಲ್ಲಿನ ಹರಳು. ನೀರು ಹಿಡಿಯುತ್ತದೆ, ಆದರೆ ಬೇರನ್ನು ಮುಳುಗಿಸುವುದಿಲ್ಲ. ಮುಂಬೈಯಲ್ಲಿ ಹುಡುಕಿ ತರಿಸಿದರೆ ಬೆಲೆ ಕೇಳಿ ಹೆಂಡತಿ ಸುಮ್ಮನಿರುವಂತಿರಲಿಲ್ಲ. ಆ ಮೇ ತಿಂಗಳು ಊರಿಗೆ ಹೋದಾಗ, ಬಾವಿಕಟ್ಟೆಯ ಹಿಂದೆ ಬಿದ್ದಿದ್ದ ಮುರಕಲ್ಲಿನ ಚೂರನ್ನು ಕಾಗದದಿಂದ ಪರೀಕ್ಷಿಸಿದರು. ಹುಳಿ. ಕಬ್ಬಿಣದ ಬಣ್ಣವಂತೂ ಕಣ್ಣಿಗೇ ಕಾಣುತ್ತದೆ. ಕುಟ್ಟಿ, ಜರಡಿ ಹಿಡಿದು, ಧೂಳು ಬಿಟ್ಟು ಹರಳು ಮಾತ್ರ ಒಂದು ಚೀಲ ತಂದರು. ತೆಂಗಿನ ನಾರಿನ ಪುಡಿಯನ್ನು ಉಪ್ಪು ಹೋಗುವ ತನಕ ಐದಾರು ಸಲ ತೊಳೆದು ಅದಕ್ಕೆ ಬೆರೆಸಿದರು, ಜೊತೆಗೆ ಒಂದಿಷ್ಟು ಇದ್ದಿಲು. ನೀರಿಗೆ ಮಳೆಯನ್ನೇ ನಂಬಿದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ನೀಲಿ ಡ್ರಮ್ಮುಗಳಲ್ಲಿ ಹಿಡಿದದ್ದು ನವೆಂಬರ್ ದಾಟಿಸುತ್ತಿತ್ತು; ಆಮೇಲೆ ಅಡುಗೆಮನೆಯ ನಲ್ಲಿಯಿಂದ ಹಿಡಿದು ಮೆಟ್ಟಿಲು ಹತ್ತಿಸುವುದು. ಮಳೆಗಾಲದಲ್ಲಿ ಗಿಡ ಮಾಡಿನಡಿಗೆ ಹೋಗುತ್ತಿತ್ತು, ಕುಂಡದ ಒಂದು ಬದಿಗೆ ಮರದ ತುಂಡು ಕೊಟ್ಟು ಓರೆಯಾಗಿ, ನೀರು ನಿಂತು ಬೇರು ಕೊಳೆಯದಂತೆ.

ಎರಡು ವರ್ಷ ಹೀಗೆ ನಡೆಯಿತು. 2020ರಲ್ಲಿ ಊರೆಲ್ಲ ಬಾಗಿಲು ಹಾಕಿದ್ದಾಗ ಗಿಡಕ್ಕೆ ದಿನಕ್ಕೆ ಮೂರು ಸಲ ಆರೈಕೆ ಸಿಕ್ಕಿತು. ಎಲೆ ಹಸಿರಾಯಿತು, ಕೊಂಬೆ ತುಂಬಿತು. ಹೂ ಮಾತ್ರ ಬರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಕೊಂಬೆಯ ತುದಿಗಳಲ್ಲಿ ಮೊಗ್ಗು ಕೂರುತ್ತಿತ್ತು, ಅಕ್ಕಿಕಾಳಿನಷ್ಟು. ಫೆಬ್ರವರಿಯಲ್ಲಿ ನೋಡಿದರೆ ಅಕ್ಕಿಕಾಳು ಅಕ್ಕಿಕಾಳೇ. ಏಪ್ರಿಲ್‌ನಲ್ಲಿ ಕಂದಿ ಉದುರುತ್ತಿತ್ತು.

ಇದಕ್ಕೂ ಕಾರಣ ಹೇಳಿದ್ದು ಮಗಳೇ. ಬಿಸಿಲೊಂದೇ ಶತ್ರುವಲ್ಲ, ಟೋಕಿಯೊದಲ್ಲೂ ಬೇಸಗೆಗೆ 35 ಡಿಗ್ರಿ ಆಗುತ್ತದೆ. ಅಲ್ಲಿ ಬೇಸಗೆಯ ಹಿಂದೆ ಒಂದು ಚಳಿಗಾಲವಿದೆ. ಅಜೇಲಿಯಾದ ಮೊಗ್ಗು ಕೂತ ಮೇಲೆ ನಿದ್ದೆ ಹೋಗುತ್ತದೆ. ಕೆಲವು ವಾರ 10 ಡಿಗ್ರಿಗಿಂತ ಕೆಳಗಿನ ತಂಪು ಸಿಕ್ಕರೆ ಮಾತ್ರ ಆ ನಿದ್ದೆ ಪೂರ್ತಿಯಾಗಿ ಎಲ್ಲ ಮೊಗ್ಗೂ ಒಟ್ಟಿಗೆ ಏಳುತ್ತವೆ. ಮುಂಬೈಯ ಜನವರಿ ಬೆಳಗು ಸಾಮಾನ್ಯಕ್ಕೆ 16, 17 ಡಿಗ್ರಿ. ಸಾಂತಾಕ್ರೂಜ್‌ನ ದಾಖಲೆಯ ಚಳಿ 1962ರ ಜನವರಿಯ 7.4 ಡಿಗ್ರಿ, ಅದೂ ಒಂದು ರಾತ್ರಿಯದು. ಈ ಊರಲ್ಲಿ ಗಿಡವನ್ನು ಸಾಯದಂತೆ ನೋಡಿಕೊಳ್ಳಬಹುದು. ಅದಕ್ಕೆ ಒಂದು ವರ್ಷವನ್ನು ಕೊಡಲಾಗುವುದಿಲ್ಲ.

ಅದೇ ಫೋನಿನಲ್ಲಿ ಮಗಳು ಹೆಸರಿನ ವಿಷಯವನ್ನೂ ಹೇಳಿದಳು. ಅಜೇಲಿಯಾ ಎಂಬುದು ಗ್ರೀಕ್ ಮೂಲದ ಮಾತು, ಅರ್ಥ, ‘ಒಣ’. ಹೆಸರಿಟ್ಟವನು ಸ್ವೀಡನ್ನಿನ ಲಿನೇಯಸ್. ಒಣ ನೆಲದ ಗಿಡವೆಂದು ಭಾವಿಸಿಯೋ, ಕಟ್ಟಿಗೆ ಪೆಡಸೆಂದೋ ಹಾಗೆ ಕರೆದ. 1753ರ ತನ್ನ ಗ್ರಂಥದಲ್ಲಿ ಜಪಾನಿನ ಒಂದು ಜಾತಿಗೆ ‘ಇಂಡಿಕಾ’ ಎಂದೂ ಬರೆದ. ಅದು ಒಣ ನೆಲದ್ದೂ ಅಲ್ಲ, ಇಂಡಿಯಾದ್ದೂ ಅಲ್ಲ. ಅಪ್ಪ ನಕ್ಕರು. ಮಾಟುಂಗದಲ್ಲಿ ಅವರನ್ನು ಐವತ್ತು ವರ್ಷದಿಂದ ‘ಮದ್ರಾಸಿ’ ಎಂದೇ ಕರೆದಿದ್ದರು.

ಕೋವಿಡ್‌ನಲ್ಲಿ ಮುಚ್ಚಿದ ಎಷ್ಟೋ ಹೋಟೆಲುಗಳು ಮತ್ತೆ ತೆರೆಯಲಿಲ್ಲ. 2021ರಲ್ಲಿ ಅವುಗಳ ಗ್ರೈಂಡರು, ಬೆಂಚು, ಫ್ರಿಜ್ಜುಗಳು ಸಿಕ್ಕ ಬೆಲೆಗೆ ಮಾರಾಟವಾಗುತ್ತಿದ್ದವು. ಪರಿಚಯದವರೊಬ್ಬರ ಹೋಟೆಲು ಖಾಲಿಯಾಗುವಾಗ ಅವರು ಹೋಗಿ ನಿಂತರು. ಕೊನೆಗೆ ಯಾರೂ ಕೊಳ್ಳದೆ ಉಳಿದ ಬಾಟಲ್ ಕೂಲರನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದರು. ಗಿಡದ ವ್ಯಾಪಾರಿಗಳು ಹಬ್ಬದ ಹೊತ್ತಿಗೆ ಅಜೇಲಿಯಾ ಅರಳಿಸಲು ಮೊಗ್ಗಿನ ಗಿಡಗಳನ್ನು ಆರು ವಾರ ತಂಪು ಕೋಣೆಯಲ್ಲಿ ಇಡುತ್ತಾರೆಂದು ಓದಿದ್ದರು. ಅಲ್ಲಿ ಬೆಳಕೂ ಬೇಕು. ಬಾಟಲ್ ಕೂಲರಿನಲ್ಲಿ ಟ್ಯೂಬ್‌ಲೈಟ್ ಇತ್ತು. ನಾಲ್ಕನೇ ಮಹಡಿಯ ತಮ್ಮ ಮನೆಯ ಮೀಟರಿನಿಂದ ವೈರು ಎಳೆದರು. ಉಷ್ಣತೆ 6 ಡಿಗ್ರಿ, ದೀಪ ದಿನಕ್ಕೆ 12 ಗಂಟೆ, ನೀರು ವಾರಕ್ಕೊಮ್ಮೆ. “ಇಡ್ಲಿ ಹಿಟ್ಟಿಗೆ ಫ್ರಿಜ್ಜಲ್ಲಿ ಜಾಗ ಇಲ್ಲ, ಹೂವಿಗೆ ಬೇರೆ ಫ್ರಿಜ್ಜು” ಎಂದರು ಹೆಂಡತಿ. ಹೇಳಿದ ಮೇಲೂ ಸಂಜೆ ದೀಪ ಆರಿಸಲು ಮರೆಯದೆ ಮೇಲೆ ಹೋಗುತ್ತಿದ್ದವರು ಅವರೇ.

ಜನವರಿ ನಡುವಿನಲ್ಲಿ ಗಿಡ ಹೊರಗೆ ಬಂತು. 2022ರ ಫೆಬ್ರವರಿ ಎರಡನೆಯ ವಾರ ಒಂದು ಮೊಗ್ಗು ಸೀಳಿತು, ಮರುದಿನ ಮೂರು. ಒಟ್ಟು 19 ಹೂ. ಕಟ್ಟಡದವರೆಲ್ಲ ಹತ್ತಿ ಬಂದು ಫೋಟೊ ತೆಗೆದರು. ಕೆಳಮಹಡಿಯ ಗುಜರಾತಿ ಅಜ್ಜಿಯೊಬ್ಬರು ಮೆಟ್ಟಿಲು ಹತ್ತಲಾರದೆ, ಅವರೇ ಕುಂಡವನ್ನು ಎತ್ತಿಕೊಂಡು ಇಳಿದು ತೋರಿಸಿ ಬಂದರು. ಹೂ ಒಂಬತ್ತು ದಿನ ನಿಂತಿತು. ಆ ಎರಡು ತಿಂಗಳ ವಿದ್ಯುತ್ ಬಿಲ್ಲನ್ನು ಅವರು ಹೆಂಡತಿಗೆ ತೋರಿಸಲಿಲ್ಲ. ನೋಟ್‌ಬುಕ್ಕಿನಲ್ಲೂ ಬರೆಯಲಿಲ್ಲ.

ಮತ್ತೆರಡು ಚಳಿಗಾಲ ಕೂಲರ್ ಓಡಿತು. ಹೂ ಬಂತು. ಆದರೆ ಆ ನಾಲ್ಕೈದು ವರ್ಷದಲ್ಲಿ ಅವರು ಮಾರ್ಚ್‌ನಿಂದ ಜೂನ್‌ವರೆಗೆ ಎಲ್ಲಿಗೂ ಎರಡು ರಾತ್ರಿಗಿಂತ ಹೆಚ್ಚು ಹೋಗಿರಲಿಲ್ಲ. ಊರಿನ ಕೋಲಕ್ಕೆ ಹೆಂಡತಿಯೊಬ್ಬರೇ ಹೋದರು. ಭಾವನ ಮಗನ ಮದುವೆಗೂ ಹಾಗೇ. ಉಳಿದ ಮೂವತ್ತು ಕುಂಡಗಳನ್ನು ಪಕ್ಕದ ಮನೆಯ ಹುಡುಗ ನೋಡಿಕೊಳ್ಳುತ್ತಿದ್ದ. ಗೋಳಿಗೆ ಒಂದು ದಿನ ನೀರು ತಪ್ಪಿದರೆ ಎಲೆ ಬಾಡಿ ಮತ್ತೆ ಎದ್ದು ನಿಲ್ಲುತ್ತದೆ. ಅಜೇಲಿಯಾದ ವಿಷಯದಲ್ಲಿ ಅವರಿಗೆ ಯಾರ ಮೇಲೂ ನಂಬಿಕೆಯಿರಲಿಲ್ಲ. 2023ರ ಮೇ ತಿಂಗಳಲ್ಲಿ ಊರಿನ ಅಣ್ಣ ಆಸ್ಪತ್ರೆ ಸೇರಿದ ಸುದ್ದಿ ಬಂದಾಗ, ಅವರು ಹೊರಡುವ ಮುಂಚೆ ಗೋಣಿ, ಮರಳು, ಡ್ರಮ್ಮಿನ ವ್ಯವಸ್ಥೆ ಮಾಡುತ್ತ ಒಂದು ದಿನ ಕಳೆದರು. ಅವರು ತಲುಪಿದಾಗ ಅಣ್ಣನಿಗೆ ಮಾತು ನಿಂತಿತ್ತು. ಹಿಂದಿನ ದಿನ ಎರಡು ಸಲ ಕೇಳಿದ್ದರಂತೆ, ತಮ್ಮ ಹೊರಟನೋ ಎಂದು. ಮುಲುಂಡ್‌ಗೆ ಮರಳಿದಾಗ ಗಿಡ ಹಸಿರಾಗಿಯೇ ಇತ್ತು. ಆ ದಿನ ಅವರು ಅದಕ್ಕೆ ನೀರು ಹಾಕಿದರು, ಆದರೆ ಹೆಚ್ಚು ಹೊತ್ತು ನಿಲ್ಲದೆ ಕೆಳಗಿಳಿದರು. ಈ ಮಾತನ್ನು ಅವರು ಮನೆಯಲ್ಲಿ ಒಮ್ಮೆಯೂ ಎತ್ತಲಿಲ್ಲ. ಹೆಂಡತಿಯೂ ಎತ್ತಲಿಲ್ಲ.

2024ರಲ್ಲಿ ಕಟ್ಟಡ ಪುನರ್ನಿರ್ಮಾಣಕ್ಕೆ ಹೋಯಿತು. ಮುಂಬೈಯಲ್ಲಿ ಈಗ ಬೀದಿಗೆರಡು ಕಟ್ಟಡಗಳ ಕಥೆ ಅದು: ಹಳೆಯದನ್ನು ಕೆಡವಿ ಗೋಪುರ ಎಬ್ಬಿಸುವ ತನಕ ಬಿಲ್ಡರ್ ಬಾಡಿಗೆ ಕೊಡುತ್ತಾನೆ, ನಿವಾಸಿಗಳು ಸಿಕ್ಕಲ್ಲಿ ಇರುತ್ತಾರೆ. ಸಿಕ್ಕ ಬಾಡಿಗೆ ಮನೆಗೆ ತಾರಸಿಯ ಹಕ್ಕಿಲ್ಲ, ಪಶ್ಚಿಮಕ್ಕೆ ಒಂದು ಕಿಟಕಿಯ ಜಾಲರಿ ಅಷ್ಟೆ. ಮಗಳು ಕೇಳಿದ್ದು ಸಹಜವೇ. “ಇಬ್ಬರೂ ಇಲ್ಲಿಗೇ ಬಂದುಬಿಡಿ. ಗಿಡಗಳೂ ಬರಲಿ.” ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಕಾಫಿ ತೋಟದವರು ಸುಣ್ಣ ಹಾಕಿ ತಿದ್ದುವಷ್ಟು ಹುಳಿ ಮಣ್ಣು. ರಾತ್ರಿಗೆ ಚಳಿ.

ಅವರು ಒಂದು ವಾರ ಯೋಚಿಸಿದರು. ಹನ್ನೊಂದು ಗೋಳಿ, ಅತ್ತಿಗಳು ಹೊಸ ಮನೆಯ ಜಾಲರಿಗೆ ಹೋದವು. ಉಳಿದವುಗಳಲ್ಲಿ ಹೆಚ್ಚಿನವು ಪಕ್ಕದ ಮನೆಯ ಹುಡುಗನಿಗೆ ಮತ್ತು ಅವನ ಗೆಳೆಯರಿಗೆ. ಕೂಲರ್ ಗುಜರಿಗೆ. ಅಜೇಲಿಯಾ ಮಡಿಕೇರಿಗೆ. ಅವರಿಬ್ಬರು ಮುಂಬೈಯಲ್ಲೇ. “ನಾನು ಗೋಡೆ ಸಂದಿಯಲ್ಲಿ ಹುಟ್ಟಿದ್ದಕ್ಕೆ ಸೇರಿದವ. ನನ್ನ ಕಿತ್ತರೆ ಗೋಡೆಯೂ ಸ್ವಲ್ಪ ಬರ್ತದೆ” ಎಂದು ಮಗಳಿಗೆ ಹೇಳಿದರು. ಅವಳಿಗೆ ನಗು ಬರಲಿಲ್ಲ. ಇನ್ನೊಮ್ಮೆ ಕೇಳಲೂ ಇಲ್ಲ.

ಡಿಸೆಂಬರ್‌ನಲ್ಲಿ, ಬೇರಿಗೆ ಬಿಸಿ ತಾಗದ ತಿಂಗಳು ನೋಡಿ, ಅವರು ಗಿಡವನ್ನು ತರಕಾರಿ ಕ್ರೇಟಿನಲ್ಲಿ ಕೂರಿಸಿ, ಸುತ್ತ ಒದ್ದೆ ಗೋಣಿ ತುರುಕಿ, ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರು. ಎ.ಸಿ. ಡಬ್ಬಿಯ ಕೆಳಗಿನ ಬರ್ತು. ಪುಣೆ ದಾಟಿ, ಸೊಲ್ಲಾಪುರ ದಾಟಿ, ಕಲಬುರಗಿಯ ಬಯಲು ಕಿಟಕಿಯಾಚೆ ಕತ್ತಲಾಗುವ ತನಕ ಕ್ರೇಟು ಅವರ ಮಂಡಿಗೆ ತಾಗಿಕೊಂಡೇ ಇತ್ತು. ಎದುರಿನ ಸೀಟಿನ ಹುಡುಗಿ, ಎಷ್ಟು ವರ್ಷದ ಮರ ಎಂದು ಕೇಳಿದಳು. ಮುಂಬೈಯಲ್ಲಿ ಆರು ವರ್ಷ ಎಂದರು. ಬೆಂಗಳೂರಿನಿಂದ ಬಸ್ಸು, ಮೈಸೂರಿನ ಮೇಲೆ. ಕೊಡಗಿಗೆ ಇನ್ನೂ ರೈಲಿಲ್ಲ. ಮಗಳ ಮನೆಯ ಹಿಂದಿನ ಕಟ್ಟೆಯಲ್ಲಿ ಕುಂಡ ಇಟ್ಟ ಮೊದಲ ರಾತ್ರಿ ಅವರು ಎರಡು ಸಲ ಎದ್ದು ಹೋಗಿ ನೋಡಿದರು. ಮೈ ನಡುಗಿಸುವ ಚಳಿ. ಗಿಡಕ್ಕೆ ಮಾಡುವಂಥದ್ದು ಏನೂ ಇರಲಿಲ್ಲ.

ಮುಂದಿನ ನಾಲ್ಕು ದಿನ ಅವರು ಮಗಳಿಗೆ ಕಲಿಸಿದ್ದು ಮುಖ್ಯವಾಗಿ ಕತ್ತರಿಯ ಪಾಠ. ಹೆಚ್ಚಿನ ಮರಗಳಿಗೆ ನೆತ್ತಿಯಲ್ಲಿ ಜೋರು. ಅಲ್ಲಿ ಚಿವುಟಿದರೆ ಕೆಳಗೆ ಬಲ ಬರುತ್ತದೆ. ಅಜೇಲಿಯಾ ಪೊದೆಯ ಜಾತಿ, ಅದಕ್ಕೆ ಬುಡದಲ್ಲಿ ಜೋರು. ನೆತ್ತಿಯನ್ನು ಮುಟ್ಟಿದಷ್ಟೂ ಅದು ಸೊರಗುತ್ತದೆ, ಬುಡದಿಂದ ಹೊಸ ಚಿಗುರೆದ್ದು ಇಡೀ ಮರವನ್ನು ಮರೆಸುತ್ತದೆ. ಹೂ ಮುಗಿದ ಕೂಡಲೇ ಕೆಳಗಿನದನ್ನು ನಿರ್ದಾಕ್ಷಿಣ್ಯವಾಗಿ ತೆಗೆಯಬೇಕು, ಮೇಲಿನದನ್ನು ಕಾಪಾಡಬೇಕು. ತಡಮಾಡಿದರೆ ಮುಂದಿನ ವರ್ಷದ ಮೊಗ್ಗನ್ನೇ ಕತ್ತರಿಸಿದಂತೆ. ನೋಟ್‌ಬುಕ್ಕನ್ನು ಅಲ್ಲೇ ಬಿಟ್ಟು ಬಂದರು.

ಹೊರಡುವ ಮುನ್ನ ಮಗಳ ಅಂಗಳದ ಮಣ್ಣಿಗೆ ಗಿಡವನ್ನು ಬದಲಾಯಿಸಿದ್ದರು. ಹಳೆಯ ಮುರಕಲ್ಲಿನ ಹರಳು, ತೆಂಗಿನ ನಾರು, ಇದ್ದಿಲಿನ ಮಿಶ್ರಣವನ್ನು ಎಸೆಯಲು ಮನಸ್ಸಾಗದೆ ಚೀಲದಲ್ಲಿ ಮುಂಬೈಗೆ ವಾಪಸು ತಂದರು. ಈಗ ಅದು ಬಾಡಿಗೆ ಮನೆಯ ಜಾಲರಿಯಲ್ಲಿದೆ, ಅದೇ ಮಣ್ಣಿನ ಕುಂಡದಲ್ಲಿ. ಅದರೊಳಗೆ ಊರಿನ ಗುಡ್ಡೆಯಿಂದ ಅಣ್ಣನ ಮಗ ಕಳಿಸಿದ ಕೇಪಳದ ಒಂದು ಗಿಡ. ಅದಕ್ಕೂ ಹುಳಿ ಮಣ್ಣೇ ಬೇಕು, ಸುಣ್ಣದ ನೀರು ಕುಡಿಸಿದರೆ ಅದರ ಎಲೆಯೂ ಹಾಗೇ ಹಳದಿಯಾಗುತ್ತದೆ. ಬಿಸಿಲನ್ನು ಮಾತ್ರ ಕೇಪಳ ಲೆಕ್ಕಕ್ಕಿಡುವುದಿಲ್ಲ. ಏಪ್ರಿಲ್‌ನಲ್ಲಿ ಕೆಂಪಗೆ ಒಂದು ಗೊಂಚಲು ಬಿಟ್ಟಿತು. ಆ ತಿಂಗಳು ಗಂಡ ಹೆಂಡತಿ ಇಬ್ಬರೂ ಅಣ್ಣನ ಮನೆಯಲ್ಲಿ ಹದಿನಾಲ್ಕು ದಿನ ಇದ್ದು ಬಂದರು.

2025ರ ಮಾರ್ಚ್‌ನಲ್ಲಿ ಮಡಿಕೇರಿಯಿಂದ ಫೋಟೊ ಬಂದಿತ್ತು. ಎಲೆ ಕಾಣದ ಹಾಗೆ ಗುಲಾಬಿ. ಅವರು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು, ಹೆಂಡತಿಗೆ ಕೊಟ್ಟರು, ಮತ್ತೆ ತೆಗೆದುಕೊಂಡರು. ಆಮೇಲೆ ಮಗಳಿಗೆ ಕರೆ ಮಾಡಿದರು. ಹೂವಿನ ಬಗ್ಗೆ ಒಂದು ಮಾತೂ ಇಲ್ಲ.

“ಬುಡದಲ್ಲಿ ಎಡಕ್ಕೆ ಒಂದು ಚಿಗುರು ಕಾಣ್ತದಲ್ಲ, ಅದನ್ನ ಹೂ ಬಿದ್ದ ದಿವಸವೇ ತೆಗಿ. ಕನಿಕರ ಮಾಡ್ಬೇಡ.”